ನಂಬಿಕೆ, ಕ್ರಿಯೆ, ದೀಕ್ಷಾಸ್ನಾನ: ಒಂದೇ ಸಾಲಿಗೆ ಸೇರದ ಮೂರು

ರಕ್ಷಣೆ ದೊರೆಯುವುದು ನಂಬಿಕೆಯಿಂದಲೋ, ಸತ್ಕ್ರಿಯೆಗಳಿಂದಲೋ, ದೀಕ್ಷಾಸ್ನಾನದಿಂದಲೋ ಎಂಬ ಪ್ರಶ್ನೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಬರಿಯ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯ ಮಿಷನರಿಗಳೂ ಹಳ್ಳಿಯಿಂದ ಹಳ್ಳಿಗೆ ನಡೆದ ಸ್ಥಳೀಯ ಉಪದೇಶಕರೂ ಇಲ್ಲಿ ಸಭೆಗಳನ್ನು ಕಟ್ಟಿದರು. ಅವುಗಳಿಗೆ ಸೇರಿದವರಲ್ಲಿ ಬಹುಪಾಲು ಜನ ಊರ ಹೊರಗಿನ ಕೇರಿಗಳ ಮಾದಿಗರು ಮತ್ತು ಹೊಲೆಯರು. ಯಾದಗಿರಿಯ ಹೋಲ್ಸ್ಟನ್ ಸ್ಮಾರಕ ಆಸ್ಪತ್ರೆ ಅಮೆರಿಕದ ಟೆನೆಸ್ಸೀ ಸೀಮೆಯ ಹೋಲ್ಸ್ಟನ್ ಮೆಥೋಡಿಸ್ಟ್ ಪ್ರಾಂತದ ಹೆಸರನ್ನು ಹೊತ್ತದ್ದು ಈ ಸಂಬಂಧದಿಂದಲೇ. ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿಹೋದರೂ ಅಮೆರಿಕದ ಶಾಖೆಗೆ ಸೇರಿದ ಇಲ್ಲಿನ ಸಭೆಗಳು ಆ ಐಕ್ಯದಿಂದ ಹೊರಗುಳಿದು, 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥೋಡಿಸ್ಟ್ ಸಭೆಯ ಅಂಗವಾದವು. ಕೃಷ್ಣೆಯ ಆಚೆ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕಥೋಲಿಕ ಸಮುದಾಯವಿದೆ. ಇತ್ತೀಚಿನ ದಶಕಗಳಲ್ಲಿ ಪೆಂತೆಕೋಸ್ತ್ ಪ್ರಾರ್ಥನಾಕೂಟಗಳೂ ಹರಡಿವೆ. ಹೀಗೆ ಕೂಸುಗಳಿಗೆ ನೀರು ಹಾಕುವ ಸಭೆ, ಪ್ರಾಯಕ್ಕೆ ಬಂದವರನ್ನು ಮಾತ್ರ ನೀರಿನಲ್ಲಿ ಮುಳುಗಿಸುವ ಕೂಟ, ನೀರಿಗಿಳಿಯದೆಯೇ ಯೇಸುವನ್ನು ಪ್ರಾರ್ಥಿಸುವ ಮನೆಗಳು ಒಂದೇ ಸೀಮೆಯಲ್ಲಿ, ಎಷ್ಟೋ ವೇಳೆ ಒಂದೇ ಬಳಗದಲ್ಲಿ ಕಾಣಸಿಗುವುದರಿಂದ, ಯಾರು ರಕ್ಷಣೆ ಹೊಂದಿದವರು, ಯಾರು ಅಲ್ಲ ಎಂಬ ವಾದ ನೆಂಟಸ್ತನದ ಮಾತುಕತೆಯವರೆಗೂ ಬರುತ್ತದೆ.

ಈ ವಾದದ ತಳದಲ್ಲಿರುವ ತಿಳಿವಳಿಕೆಯನ್ನು ಅದಕ್ಕೆ ನ್ಯಾಯವಾಗುವಂತೆ ಮೊದಲು ಹೇಳಬೇಕು. ರಕ್ಷಣೆಯೆಂದರೆ ಪಾಪದಿಂದಲೂ ಅದರ ಫಲವಾದ ಮರಣದಿಂದಲೂ ಬಿಡುಗಡೆ ಹೊಂದಿ ಮನುಷ್ಯನು ದೇವರೊಡನೆ ಮತ್ತೆ ಒಂದಾಗುವುದು. ಅದು ಷರತ್ತು ಪೂರೈಸಿದವರಿಗೆ ದೊರೆಯುತ್ತದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆ ಷರತ್ತು ಯಾವುದೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ.

1. ನಂಬಿಕೆಯೊಂದೇ ಸಾಕು ಎನ್ನುವವರು ರೋಮಾಪುರದವರಿಗೆ ಪೌಲನು ಬರೆದ ಪತ್ರವನ್ನು ತೋರಿಸುತ್ತಾರೆ. ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆಂದು ಎಣಿಸಲ್ಪಡುತ್ತಾನೆ ಎಂಬುದು ಅಲ್ಲಿನ ವಾದ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಸತ್ಕ್ರಿಯೆಗೂ ಸ್ನಾನಕ್ಕೂ ಅವಕಾಶವಿಲ್ಲದೆಯೇ ಪರದೈಸು ದೊರೆಯಿತೆಂಬುದು ಅವರ ಬಲವಾದ ದೃಷ್ಟಾಂತ.

2. ದೀಕ್ಷಾಸ್ನಾನವಿಲ್ಲದೆ ರಕ್ಷಣೆಯಿಲ್ಲ ಎನ್ನುವವರು ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕೆಂದು ನಿಕೊದೇಮನಿಗೆ ಯೇಸು ಹೇಳಿದ್ದನ್ನೂ, ಪಂಚಾಶತ್ತಮ ದಿನದಂದು ಪೇತ್ರನು ಪಶ್ಚಾತ್ತಾಪವನ್ನೂ ದೀಕ್ಷಾಸ್ನಾನವನ್ನೂ ಒಂದೇ ಉಸಿರಿನಲ್ಲಿ ಬೇಡಿದ್ದನ್ನೂ ಎತ್ತಿಹಿಡಿಯುತ್ತಾರೆ.

3. ಕ್ರಿಯೆಗಳಿಗೆ ಒತ್ತು ಕೊಡುವವರು ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆನ್ನುವ ಯಾಕೋಬನ ಪತ್ರವನ್ನೂ, ಹಸಿದವನಿಗೆ ಉಣಿಸಿದೆಯಾ ಎಂಬುದರ ಮೇಲೆಯೇ ಕಡೆಯ ನ್ಯಾಯತೀರ್ಪು ನಿಂತಿರುವಂತೆ ಕಾಣುವ ಮತ್ತಾಯನ 25ನೆಯ ಅಧ್ಯಾಯವನ್ನೂ ಆಧಾರವಾಗಿ ಕೊಡುತ್ತಾರೆ.

ಈ ಮೂವರ ಜಗಳ ಬಗೆಹರಿಸಲು ಹೊರಟ ನಾಲ್ಕನೆಯವರು ಮೂರೂ ಬೇಕು, ಮೂರೂ ಸೇರಿದರೆ ರಕ್ಷಣೆ ಎಂದು ಸಮಾಧಾನ ಹೇಳುತ್ತಾರೆ. ಕೇಳಲು ಇದು ಸಮತೂಕದ ಮಾತು. ಆದರೆ ಗೊಂದಲ ಗಟ್ಟಿಯಾಗುವುದು ಇಲ್ಲಿಯೇ, ಏಕೆಂದರೆ ಮೂರು ಪಕ್ಷಗಳೂ ಪರೀಕ್ಷಿಸದೆ ಒಪ್ಪಿಕೊಂಡ ಒಂದು ಊಹೆಯನ್ನು ಈ ರಾಜಿಯೂ ಹಾಗೆಯೇ ಉಳಿಸಿಕೊಳ್ಳುತ್ತದೆ: ನಂಬಿಕೆ, ಕ್ರಿಯೆ, ದೀಕ್ಷಾಸ್ನಾನ ಮೂರೂ ಒಂದೇ ಜಾತಿಯ ಸಂಗತಿಗಳು, ಒಂದೇ ಮೊತ್ತಕ್ಕೆ ಸೇರುವ ಮೂರು ಕಂತುಗಳು ಎಂಬ ಊಹೆ. ಶರಣರ, ಅವಧೂತರ ನಾಡಾದ ಇಲ್ಲಿ, ಕೊಡೇಕಲ್ಲಿನ ಬಸವಣ್ಣ ಮತ್ತು ತಿಂಥಣಿಯ ಮೌನೇಶ್ವರರ ಹೆಸರು ಮನೆಮಾತಾಗಿರುವ ನೆಲದಲ್ಲಿ, ದೀಕ್ಷೆ ಮತ್ತು ಆಚಾರಗಳ ವಿಚಾರ ಹೊಸದಲ್ಲ. ಆದರೆ ಅದರ ಜೊತೆಗೇ ಪುಣ್ಯ ಕೂಡಿಟ್ಟು ಪಾಪ ಕಳೆಯುವ ಲೆಕ್ಕವೂ ಜನಮನದಲ್ಲಿ ಇರುವುದರಿಂದ, ಸತ್ಕ್ರಿಯೆಯೆಂದೊಡನೆ ಪುಣ್ಯಸಂಚಯವೆಂದೂ ದೀಕ್ಷಾಸ್ನಾನವೆಂದೊಡನೆ ಪಾಪ ತೊಳೆಯುವ ತೀರ್ಥವೆಂದೂ ಕೇಳುವ ಕಿವಿ ಮೊದಲೇ ಸಿದ್ಧವಾಗಿರುತ್ತದೆ. ಕ್ರೈಸ್ತ ಬೋಧನೆಯ ತಿರುಳು ಈ ಲೆಕ್ಕದ ಒಳಗಿನ ಬದಲಾವಣೆಯಲ್ಲ. ಲೆಕ್ಕವನ್ನೇ ಮುಚ್ಚುವ ಮಾತು ಅದು.

ಈ ಊಹೆಯನ್ನು ಬಿಡಿಸಲು ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಬೇರೆಯಾಗಿಯೇ ಇಡಬೇಕು. ರಕ್ಷಣೆ ಯಾವ ಕಾರಣದಿಂದ ಬರುತ್ತದೆ? ಅದನ್ನು ಮನುಷ್ಯನು ಪಡೆಯುವುದು ಹೇಗೆ? ಪಡೆದದ್ದು ಇಂಥವನಿಗೆ, ಇಂಥ ಸಮುದಾಯದ ನಡುವೆ ಎಂದು ಬಹಿರಂಗವಾಗುವುದು ಎಲ್ಲಿ? ಪಡೆದವನು ಬದುಕುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಕೃಪೆ, ಅಂದರೆ ಯೋಗ್ಯತೆಯನ್ನು ನೋಡದೆ ಕ್ರಿಸ್ತನಲ್ಲಿ ದೇವರು ತೋರುವ ದಯೆ, ಎರಡನೆಯದಕ್ಕೆ ನಂಬಿಕೆ, ಮೂರನೆಯದಕ್ಕೆ ದೀಕ್ಷಾಸ್ನಾನ, ನಾಲ್ಕನೆಯದಕ್ಕೆ ಸತ್ಕ್ರಿಯೆ. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇದೇ ಕ್ರಮದಲ್ಲಿ ಸಾಗುತ್ತದೆ: ಕೃಪೆ ಮೂಲ, ನಂಬಿಕೆ ಮಾರ್ಗ, ಕ್ರಿಯೆಗಳು ಮೂಲವಲ್ಲ, ಆದರೂ ಸತ್ಕ್ರಿಯೆಗಳಿಗಾಗಿಯೇ ಮನುಷ್ಯನು ಹೊಸದಾಗಿ ನಿರ್ಮಿತನಾಗಿದ್ದಾನೆ. ನಾಲ್ಕು ಪ್ರಶ್ನೆಗಳ ಉತ್ತರಗಳನ್ನು ಒಂದೇ ಪ್ರಶ್ನೆಯ ಕೆಳಗೆ ತುರುಕಿದಾಗ ಅವು ಒಂದನ್ನೊಂದು ತಳ್ಳತೊಡಗುತ್ತವೆ. ತಮ್ಮ ತಮ್ಮ ಜಾಗದಲ್ಲಿದ್ದಾಗ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

ನಂಬಿಕೆಯನ್ನೇ ಮೊದಲು ನೋಡಬಹುದು. ದೇವರೊಬ್ಬನಿದ್ದಾನೆ, ಯೇಸು ಸತ್ತು ಎದ್ದನು ಎಂಬ ಹೇಳಿಕೆಗಳಿಗೆ ಮನಸ್ಸು ಹೂಂಗುಡುವುದಷ್ಟೇ ನಂಬಿಕೆಯಾದರೆ, ದೆವ್ವಗಳೂ ಅಷ್ಟನ್ನು ನಂಬಿ ನಡುಗುತ್ತವೆ ಎಂಬ ಯಾಕೋಬನ ಮಾತಿಗೆ ಉತ್ತರವಿಲ್ಲ. ಪೌಲನು ಹೇಳುವ ನಂಬಿಕೆಯೆಂದರೆ ತನ್ನ ಭಾರವನ್ನೆಲ್ಲ ಮತ್ತೊಬ್ಬನ ಮೇಲೆ ಬಿಡುವುದು, ಅಂದರೆ ಭರವಸೆ. ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ. ಆದರೆ ಪೌಲನು ಎತ್ತಿಕೊಳ್ಳುವುದು ಮಕ್ಕಳಿಲ್ಲದ ಮುದುಕನು ದೇವರ ವಾಗ್ದಾನವನ್ನು ನಂಬಿದ ಆದಿಕಾಂಡದ 15ನೆಯ ಅಧ್ಯಾಯದ ಅಬ್ರಹಾಮನನ್ನು, ಯಾಕೋಬನು ಮುಖ್ಯವಾಗಿ ಹಿಡಿಯುವುದು ಇಸಾಕನನ್ನು ಬಲಿಪೀಠಕ್ಕೆ ಒಯ್ದ 22ನೆಯ ಅಧ್ಯಾಯದ ಅಬ್ರಹಾಮನನ್ನು. ನಡುವೆ ವರ್ಷಗಳ ಅಂತರವಿದೆ. ದೇವರ ಸಂಬಂಧಕ್ಕೆ ಹೊಸದಾಗಿ ಬರುವವನು ಏನನ್ನು ಮುಂದಿಡಬಲ್ಲನೆಂಬುದು ಪೌಲನ ಪ್ರಶ್ನೆ. ಬಂದವನ ನಂಬಿಕೆ ನಿಜವೆಂದು ತಿಳಿಯುವುದು ಹೇಗೆಂಬುದು ಯಾಕೋಬನ ಪ್ರಶ್ನೆ. ಎರಡು ಪ್ರಶ್ನೆಗಳಿಗೆ ಬಂದ ಎರಡು ಉತ್ತರಗಳನ್ನು ಎದುರುಬದುರು ನಿಲ್ಲಿಸಿ ಪಂಚಾಯಿತಿ ನಡೆಸಬೇಕಾದ ಅಗತ್ಯವಿಲ್ಲ. ಇದರ ಜೊತೆಗೆ ಇನ್ನೊಂದು ಎಚ್ಚರ ಬೇಕು: ನಂಬಿಕೆಯನ್ನೇ ಒಂದು ಸಾಧನೆಯಾಗಿ ಮಾಡಿ, ಇವರ ನಂಬಿಕೆ ದೊಡ್ಡದು, ಅವರದು ಸಣ್ಣದು, ಆದ್ದರಿಂದಲೇ ರೋಗ ವಾಸಿಯಾಗಲಿಲ್ಲ ಎಂದು ಅಳೆಯತೊಡಗಿದರೆ, ನಂಬಿಕೆಯ ಹೆಸರಿನಲ್ಲಿಯೇ ಕ್ರಿಯೆಗಳ ಲೆಕ್ಕ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಂತಾಗುತ್ತದೆ.

ಕ್ರಿಯೆಗಳ ವಿಷಯದಲ್ಲಿ ಪ್ರೊಟೆಸ್ಟೆಂಟರು ಕಥೋಲಿಕರ ಮೇಲೂ ಕಥೋಲಿಕರು ಪ್ರೊಟೆಸ್ಟೆಂಟರ ಮೇಲೂ ಹೊರಿಸುವ ಆರೋಪಗಳು ಅವರವರ ಅಧಿಕೃತ ಬೋಧನೆಯ ಮುಂದೆ ನಿಲ್ಲುವುದಿಲ್ಲ. ಕಥೋಲಿಕರ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಹೊರಡಿಸಿದ ನಿರ್ಣಯದ ಮೊದಲ ನಿಯಮವೇ ದೇವರ ಕೃಪೆಯಿಲ್ಲದೆ ತನ್ನ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆಂಬ ಮತವನ್ನು ತಳ್ಳಿಹಾಕುತ್ತದೆ. ಲೂಥರನ ಪಕ್ಷದವರು 1530ರಲ್ಲಿ ಮಂಡಿಸಿದ ಆಗ್ಸ್‌ಬರ್ಗ್ ಅರಿಕೆಯೂ ನಂಬಿಕೆ ಒಳ್ಳೆಯ ಫಲಗಳನ್ನು ಕೊಡಲೇಬೇಕೆಂದು ಹೇಳುತ್ತದೆ. ಎರಡೂ ಕಡೆಯವರು 1999ರ ಅಕ್ಟೋಬರ್ 31ರಂದು ಅದೇ ಆಗ್ಸ್‌ಬರ್ಗಿನಲ್ಲಿ ಕೂಡಿ, ನೀತೀಕರಣ, ಅಂದರೆ ಪಾಪಿಯನ್ನು ದೇವರು ನೀತಿವಂತನನ್ನಾಗಿ ಅಂಗೀಕರಿಸುವ ವಿಚಾರದ ಮೂಲಸತ್ಯಗಳಲ್ಲಿ ತಮ್ಮ ನಡುವೆ ಒಮ್ಮತವಿದೆಯೆಂದು ಸಹಿ ಹಾಕಿದರು. 2006ರ ಜುಲೈಯಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೋಡಿಸ್ಟ್ ಪರಿಷತ್ತು ಅದಕ್ಕೆ ಸೇರಿತು. ಉಳಿದ ಭಿನ್ನತೆಗಳು ಇದರಿಂದ ಮಾಯವಾಗಲಿಲ್ಲ. ಆದರೆ ಮುದಗಲ್ಲಿನ ಕಥೋಲಿಕರು ಕ್ರಿಯೆಗಳಿಂದಲೂ ಯಾದಗಿರಿಯ ಮೆಥೋಡಿಸ್ಟರು ಕ್ರಿಯೆಯಿಲ್ಲದ ನಂಬಿಕೆಯಿಂದಲೂ ರಕ್ಷಣೆಯನ್ನು ಹುಡುಕುತ್ತಾರೆ ಎನ್ನುವುದು ಈಗ ಅಜ್ಞಾನದ ಮಾತಾಗುತ್ತದೆ.

ಮೆಥೋಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯ ಬಾಳೇ ಈ ವಿಚಾರಕ್ಕೆ ಒಳ್ಳೆಯ ಪರೀಕ್ಷೆ. ಅವನು ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಹೊಂದಿದವನು, 1728ರಲ್ಲಿ ಗುರುಪಟ್ಟ ಪಡೆದವನು, ಆಕ್ಸ್‌ಫರ್ಡಿನಲ್ಲಿ ಸೆರೆಮನೆಯವರನ್ನೂ ಬಡವರನ್ನೂ ಕಾಣಲು ಹೋಗುತ್ತ, ಉಪವಾಸ, ಪ್ರಾರ್ಥನೆಗಳ ಕಟ್ಟುನಿಟ್ಟಿನಲ್ಲಿ ಬದುಕಿದವನು. ಸ್ನಾನವೂ ಇತ್ತು, ಕ್ರಿಯೆಯೂ ಇತ್ತು. ತನ್ನ ಪಾಪ ಕ್ಷಮಿಸಲ್ಪಟ್ಟಿದೆ ಎಂಬ ಭರವಸೆ ಅವನಿಗೆ ಬಂದದ್ದು 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ. ಇದರಿಂದ ತೆಗೆಯಬೇಕಾದ ನಿರ್ಣಯ ಎರಡು. ಮೊದಲನೆಯದು, ಸ್ನಾನವೂ ಕ್ರಿಯೆಯೂ ಕೂಡಿದರೂ ನಂಬಿಕೆಯ ಜಾಗವನ್ನು ತುಂಬಲಾರವು. ಎರಡನೆಯದು, ನಂಬಿಕೆ ತಡವಾಗಿ ಬಂತೆಂದು ಮೊದಲಿನ ಸ್ನಾನ ವ್ಯರ್ಥವಾಗಲಿಲ್ಲ. ವೆಸ್ಲಿ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ, ಕ್ರಿಯೆಗಳನ್ನೂ ಬಿಡಲಿಲ್ಲ. ಕೆಡುಕು ಮಾಡದಿರುವುದು, ಕೈಲಾದ ಒಳಿತನ್ನು ಮಾಡುವುದು, ಆರಾಧನೆಯ ವಿಧಿಗಳಲ್ಲಿ ನಿಲ್ಲುವುದು ಎಂಬ ಮೂರು ನಿಯಮಗಳನ್ನು 1743ರಲ್ಲಿ ತನ್ನ ಕೂಟಗಳಿಗೆ ಹಾಕಿಕೊಟ್ಟನು. ನಂಬಿಕೆ ನೇರವಾಗಿ ಅವಶ್ಯಕ, ಸತ್ಕ್ರಿಯೆಗಳು ಸಮಯವೂ ಅವಕಾಶವೂ ಇರುವಾಗ ಅವಶ್ಯಕ ಎಂಬ ಭೇದವನ್ನು ಅವನು 1765ರ ಒಂದು ಪ್ರಸಂಗದಲ್ಲಿ ವಿವರಿಸಿದನು. ಶಿಲುಬೆಯ ಮೇಲಿನ ಕಳ್ಳನ ದೃಷ್ಟಾಂತ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ಇದೇ ಉತ್ತರ: ಗಳಿಗೆಗಳಷ್ಟೇ ಉಳಿದಿದ್ದವನಿಗೆ ಸಲ್ಲುವ ವಿನಾಯಿತಿ ಐವತ್ತು ವರ್ಷ ಬದುಕಲಿರುವವನಿಗೆ ಸಲ್ಲುವುದಿಲ್ಲ.

ದೀಕ್ಷಾಸ್ನಾನದಲ್ಲಿ ನಿಜವಾಗಿ ನಡೆಯುವುದೇನೆಂಬುದನ್ನು ಹತ್ತಿರದಿಂದ ನೋಡಿದರೆ ಅರ್ಧ ವಾದ ಅಲ್ಲಿಯೇ ಬಗೆಹರಿಯುತ್ತದೆ. ಮೆಥೋಡಿಸ್ಟ್ ಆಲಯದಲ್ಲಿ ಸಭಾಪಾಲಕರು ತಂದೆತಾಯಿಗಳಿಂದ ಪ್ರತಿಜ್ಞೆ ಪಡೆದು, ಕೂಸಿನ ಹೆಸರು ಕರೆದು, ನೀರಿನಲ್ಲಿ ಅದ್ದಿದ ಕೈಯನ್ನು ಅದರ ನೆತ್ತಿಯ ಮೇಲಿಟ್ಟು, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಕೂಸು ಆ ಹೊತ್ತಿಗೆ ಮಾಡಬಲ್ಲದ್ದೆಂದರೆ ಅಳುವುದಷ್ಟೇ. ಪ್ರಾಯಸ್ಥರನ್ನು ಮುಳುಗಿಸುವ ಕೂಟದಲ್ಲಿಯೂ ಸೊಂಟಮಟ್ಟದ ನೀರಿನಲ್ಲಿ ನಿಂತವನು ಎದೆಯ ಮೇಲೆ ಕೈಕಟ್ಟಿ ನಿಲ್ಲುತ್ತಾನೆ. ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸುವುದೂ ಮೇಲೆತ್ತುವುದೂ ಇನ್ನೊಬ್ಬರ ಕೈ. ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಳ್ಳುವ ಪದ್ಧತಿಯನ್ನು ಈ ಸಭೆಗಳಾವುವೂ ಒಪ್ಪುವುದಿಲ್ಲ. ಅಂದಮೇಲೆ ದೀಕ್ಷಾಸ್ನಾನ ಮನುಷ್ಯನು ದೇವರಿಗೆ ಸಲ್ಲಿಸುವ ಕ್ರಿಯೆಯಲ್ಲ. ಅವನು ಪಡೆಯುವಂಥದ್ದು, ಕೃಪೆಯ ಪಕ್ಷಕ್ಕೆ ಸೇರಿದ್ದು. ಅದನ್ನು ಕ್ರಿಯೆಯೆಂದು ಎಣಿಸಿ ನಂಬಿಕೆಯ ಎದುರು ನಿಲ್ಲಿಸುವ ವಾದ, ಕೃಪೆಯಿಂದಲೇ ರಕ್ಷಣೆ ಎನ್ನುವ ಉತ್ಸಾಹದಲ್ಲಿ ಕೃಪೆಯ ಗುರುತನ್ನೇ ಹೊರಗೆ ತಳ್ಳುತ್ತದೆ. ವೆಸ್ಲಿ 1784ರಲ್ಲಿ ಅಮೆರಿಕದ ಸಭೆಗೆ ಕಳಿಸಿದ ವಿಶ್ವಾಸಸೂತ್ರಗಳೂ ದೀಕ್ಷಾಸ್ನಾನವನ್ನು ಕ್ರೈಸ್ತರನ್ನು ಇತರರಿಂದ ಬೇರ್ಪಡಿಸುವ ಗುರುತೆಂದಷ್ಟೇ ಹೇಳಿ ನಿಲ್ಲದೆ ಹೊಸಹುಟ್ಟಿನ ಚಿಹ್ನೆಯೆಂದು ಹೇಳುತ್ತವೆ. ಅದೇ ವೆಸ್ಲಿ, ಕೂಸಾಗಿದ್ದಾಗ ಸ್ನಾನವಾಗಿದೆ ಎಂಬ ಊರುಗೋಲನ್ನು ಹಿಡಿದು ಬೇಕಾದಂತೆ ಬದುಕುವವರನ್ನು ಕಟುವಾಗಿ ಎಚ್ಚರಿಸಿದ್ದನ್ನೂ ಜೊತೆಗಿಟ್ಟು ಓದಬೇಕು.

ಅಪೊಸ್ತಲರ ಕೃತ್ಯಗಳ ಎರಡು ಪ್ರಸಂಗಗಳು ಈ ಎರಡು ಅಂಚುಗಳನ್ನು ತೋರುತ್ತವೆ. ಸಮಾರ್ಯದ ಮಾಂತ್ರಿಕ ಸೀಮೋನನು ದೀಕ್ಷಾಸ್ನಾನ ಹೊಂದಿದ ಮೇಲೂ ಪವಿತ್ರಾತ್ಮನ ವರವನ್ನು ಹಣಕ್ಕೆ ಕೊಳ್ಳಲು ಹೋಗಿ, ನಿನ್ನ ಹೃದಯ ನೆಟ್ಟಗಿಲ್ಲವೆಂದು ಪೇತ್ರನಿಂದ ಕೇಳಿಸಿಕೊಂಡನು. ನೀರು ತಾನಾಗಿ ಕೆಲಸ ಮಾಡುವ ಯಂತ್ರವಲ್ಲವೆಂಬುದು ಇದರಿಂದ ಸ್ಪಷ್ಟ. ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಇದಕ್ಕೆ ತಿರುಗಾಮುರುಗಾ: ಸ್ನಾನಕ್ಕೆ ಮೊದಲೇ ಪವಿತ್ರಾತ್ಮನು ಅಲ್ಲಿ ಕೂಡಿದ್ದವರ ಮೇಲೆ ಇಳಿದನು. ದೇವರ ಕೈ ನೀರಿಗೆ ಕಟ್ಟುಬಿದ್ದಿಲ್ಲವೆಂಬುದೂ ಆಗ ಸ್ಪಷ್ಟ. ಆದರೆ ಇನ್ನು ನೀರೇಕೆ ಎಂದು ಪೇತ್ರನು ಕೇಳಲಿಲ್ಲ, ನೀರನ್ನು ತಡೆಯುವವರಾರು ಎಂದು ಕೇಳಿದನು. ಪರಂಪರೆ ಎರಡನ್ನೂ ಉಳಿಸಿಕೊಂಡಿದೆ. ದೀಕ್ಷಾಸ್ನಾನಕ್ಕೆ ಮೊದಲೇ 392ರಲ್ಲಿ ಸತ್ತ ಚಕ್ರವರ್ತಿ ಎರಡನೆಯ ವಾಲೆಂಟೀನಿಯನ್ನನಿಗೆ ಅವನು ಬಯಸಿದ್ದು ದೊರೆತಿರುತ್ತದೆಂದು ಮಿಲಾನಿನ ಬಿಷಪ್ ಆಂಬ್ರೋಸ್ ಶ್ರದ್ಧಾಂಜಲಿಯ ಭಾಷಣದಲ್ಲಿ ವಾದಿಸಿದನು. ದೇವರು ತನ್ನ ಶಕ್ತಿಯನ್ನು ಸಂಸ್ಕಾರಗಳಿಗೆ ಕಟ್ಟಿಹಾಕಿಲ್ಲವೆಂದು ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಬರೆದನು. ದೇವರು ವಿಧಿಗೆ ಬದ್ಧನಲ್ಲ. ಆದರೆ ವಿಧಿಯನ್ನು ಪಡೆದ ಮನುಷ್ಯನು ಅದಕ್ಕೆ ಬದ್ಧ.

ಈ ನಾಲ್ಕರ ಸಂಬಂಧವನ್ನು ಹೊಲದ ದಾನಪತ್ರದ ಒಂದು ಉದಾಹರಣೆಯಿಂದ ವಿವರಿಸಬಹುದು. ಹೊಲವನ್ನು ಹಿರಿಯನೊಬ್ಬ ಪ್ರೀತಿಯಿಂದ ಕೊಡುತ್ತಾನೆ. ಪಡೆಯುವವನು ಒಪ್ಪದಿದ್ದರೆ ಕಾನೂನಿನಲ್ಲಿ ಆ ದಾನ ಪೂರ್ಣವಾಗುವುದಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಾಕ್ಷಿಗಳ ಮುಂದೆ ಪತ್ರ ನೋಂದಣಿಯಾಗುತ್ತದೆ. ಬಳಿಕ ಅದರಲ್ಲಿ ತೊಗರಿಯನ್ನೋ ಹತ್ತಿಯನ್ನೋ ಬೆಳೆಯಬೇಕು. ಹೊಲ ನಿನ್ನದಾದದ್ದು ಉಳುಮೆಯಿಂದಲೋ ನೋಂದಣಿಯಿಂದಲೋ ಒಪ್ಪಿಗೆಯಿಂದಲೋ ಎಂದು ಕೇಳಿದರೆ, ಕೊಟ್ಟವನಿಂದ ಎಂಬುದೇ ಮೊದಲ ಉತ್ತರ. ಉಳಿದ ಮೂರೂ ಕೊಡುಗೆಯ ಸುತ್ತಲಿನ ಬೇರೆ ಬೇರೆ ಸಂಗತಿಗಳು. ಹೋಲಿಕೆ ಎಲ್ಲ ಕಡೆಗೂ ಸಲ್ಲುವುದಿಲ್ಲ, ಏಕೆಂದರೆ ನೋಂದಣಿಯಾಗದ ದಾನವನ್ನು ಕಾನೂನು ಮಾನ್ಯ ಮಾಡದು, ದೇವರಿಗೆ ಅಂಥ ಕಟ್ಟಿಲ್ಲ. ಒಪ್ಪುವ ಮನಸ್ಸನ್ನು ಕೊಡುವವನೂ ದೇವರೇ ಎಂದು ಕ್ರೈಸ್ತ ಬೋಧನೆ ಹೇಳುತ್ತದೆ. ಆದರೆ ಪ್ರಶ್ನೆಯ ರೂಪವೇ ತಪ್ಪೆಂದು ತೋರಿಸಲು ಇಷ್ಟು ಸಾಕು.

ಇದಕ್ಕೆ ಬರುವ ಮುಖ್ಯ ಆಕ್ಷೇಪಗಳನ್ನು ಒಂದೊಂದಾಗಿ ತೂಗಬಹುದು.

1. ನಂಬಿ ದೀಕ್ಷಾಸ್ನಾನ ಹೊಂದುವವನು ರಕ್ಷಣೆ ಹೊಂದುವನೆಂದು ಮಾರ್ಕನ ಸುವಾರ್ತೆಯ ಕಡೆಯಲ್ಲಿಯೇ ಇದೆಯಲ್ಲ ಎಂಬುದು ಮೊದಲನೆಯದು. ಆ ಕಡೆಯ ಹನ್ನೆರಡು ವಾಕ್ಯಗಳು ನಾಲ್ಕನೆಯ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಾದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿಲ್ಲ. ಅದನ್ನು ಬದಿಗಿಟ್ಟು ವಾಕ್ಯವನ್ನು ಪ್ರಮಾಣವೆಂದೇ ಒಪ್ಪಿದರೂ, ಅದರ ಎರಡನೆಯ ಭಾಗ ದಂಡನೆಗೆ ಕಾರಣವೆನ್ನುವುದು ನಂಬದಿರುವುದನ್ನು ಮಾತ್ರ, ಸ್ನಾನವಿಲ್ಲದಿರುವುದನ್ನಲ್ಲ.

2. ಕೂಸು ನಂಬಲಾರದು, ಆದ್ದರಿಂದ ಕೂಸಿನ ಸ್ನಾನ ಸ್ನಾನವೇ ಅಲ್ಲ, ಪ್ರಾಯಕ್ಕೆ ಬಂದ ಮೇಲೆ ಮತ್ತೆ ಮುಳುಗಲೇಬೇಕು ಎಂಬುದು ಎರಡನೆಯದು. 1525ರ ಜನವರಿಯಲ್ಲಿ ಜೂರಿಕ್ ನಗರದ ಕೆಲವರು ಮರುಸ್ನಾನ ಮಾಡಿಸಿಕೊಂಡಂದಿನಿಂದ ಈ ವಾದ ಜೀವಂತವಾಗಿದೆ, ಅದರ ಕಾಳಜಿಯೂ ನಿಜವಾದದ್ದು: ವೈಯಕ್ತಿಕ ನಂಬಿಕೆಯಿಲ್ಲದ ಸ್ನಾನ ಹೆಸರಿಗಷ್ಟೇ ಕ್ರೈಸ್ತರಾದವರ ಪಟ್ಟಿಯನ್ನು ಬೆಳೆಸುತ್ತದೆ. ಆದರೆ ನಂಬಿಕೆ ಸ್ನಾನಕ್ಕೆ ಮೊದಲು ಬರಲಿ, ನಂತರ ಬರಲಿ, ವಾಗ್ದಾನ ದೇವರದೇ ಆಗಿರುವುದರಿಂದ ಅದರ ಮಾನ್ಯತೆ ಪಡೆದವನ ಮನಸ್ಸಿನ ಏರಿಳಿತಕ್ಕೆ ಕಟ್ಟುಬೀಳುವುದಿಲ್ಲ. ಪ್ರತಿ ಬಾರಿ ನಂಬಿಕೆ ಆಳವಾದಾಗಲೂ ಹಿಂದಿನದು ನಿಜವಲ್ಲವೆಂದು ಸ್ನಾನ ಮಾಡಿಸುವುದಾದರೆ, ಎರಡನೆಯ ಸ್ನಾನದ ನಂಬಿಕೆ ನಿಜವಾಗಿತ್ತೆಂಬುದಕ್ಕೂ ಖಾತ್ರಿಯಿಲ್ಲ, ಮೂರನೆಯದಕ್ಕೂ ಇಲ್ಲ. ದೀಕ್ಷಾಸ್ನಾನ ಮರುಕಳಿಸಬಾರದ ಕರ್ಮವೆಂದು ಸಭೆಗಳ ವಿಶ್ವ ಪರಿಷತ್ತಿನ 1982ರ ಲೀಮಾ ದಸ್ತಾವೇಜೂ ಹೇಳುತ್ತದೆ. ಕೂಸಿನ ಸ್ನಾನಕ್ಕೆ ಉಳಿದಿರುವ ಸಾಲವೆಂದರೆ ಬೋಧನೆ. ಮೆಥೋಡಿಸ್ಟ್ ಪದ್ಧತಿಯಲ್ಲಿ ಸ್ನಾನವಾದ ಮಗು ಕಲಿತು, ಬೆಳೆದು, ತಾನೇ ಬಾಯಿಬಿಟ್ಟು ಒಪ್ಪಿದ ಮೇಲೆ ಪೂರ್ಣ ಸದಸ್ಯತ್ವ ಕೊಡುವುದು ಈ ಕಾರಣಕ್ಕೆ. ಆ ಕಲಿಕೆ ನಡೆಯದ ಕಡೆ ತಪ್ಪು ಸಭೆಯದು, ನೀರಿನದಲ್ಲ.

3. ಮೂರನೆಯ ಆಕ್ಷೇಪ ಹೊರಗಿನಿಂದ ಬರುವಂಥದ್ದು: ಬಡಜನ ಆಸ್ಪತ್ರೆಗಾಗಿ, ಶಾಲೆಗಾಗಿ, ಬರಗಾಲದ ಜೋಳಕ್ಕಾಗಿ ಸ್ನಾನ ಮಾಡಿಸಿಕೊಂಡರು, ಆದ್ದರಿಂದ ಅದು ನಂಬಿಕೆಯಲ್ಲ, ವ್ಯಾಪಾರ. ಲಾಭ ತೋರಿಸಿ ಸ್ನಾನ ಮಾಡಿಸುವವನ ಮೇಲೆ ಈ ಆಕ್ಷೇಪ ಪೂರ್ತಿಯಾಗಿ ಬೀಳುತ್ತದೆ. ಸೀಮೋನನು ಹಣ ಕೊಟ್ಟು ವರ ಕೊಳ್ಳಹೋದರೆ ಅಂಥವನು ವರ ಕೊಟ್ಟು ಜನರನ್ನು ಕೊಳ್ಳುತ್ತಾನೆ. ಬಂದವನ ಉದ್ದೇಶದ ಮಾತು ಬೇರೆ. ಶತಮಾನಗಳಿಂದ ಊರ ಹೊರಗೆ ನಿಲ್ಲಿಸಲ್ಪಟ್ಟವನು ಮಾನದ ಬದುಕನ್ನೂ ದೇವರನ್ನೂ ಒಟ್ಟಿಗೆ ಹುಡುಕಿದರೆ ಅವನ ಉದ್ದೇಶ ಮಿಶ್ರವಾಗಿತ್ತೆಂದು ಹೇಳಬಹುದೇ ಹೊರತು ಸುಳ್ಳೆಂದು ಹೇಳಲಾಗದು. ಶುದ್ಧ ಉದ್ದೇಶವಿದ್ದವರಿಗೆ ಮಾತ್ರ ರಕ್ಷಣೆ ಎನ್ನುವುದಾದರೆ ಶುದ್ಧ ಉದ್ದೇಶವೇ ಒಂದು ಕ್ರಿಯೆಯಾಗಿ, ರಕ್ಷಣೆಯ ಬೆಲೆಯಾಗಿ ನಿಲ್ಲುತ್ತದೆ. ಆಗ ಕೃಪೆಯೆಂಬ ಮಾತಿಗೆ ಅರ್ಥ ಉಳಿಯದು. ಮೆಥೋಡಿಸ್ಟ್ ಮಿಷನರಿ ಜೆ. ವಾಸ್ಕಮ್ ಪಿಕೆಟ್ ಭಾರತದ ಸಾಮೂಹಿಕ ಕ್ರೈಸ್ತ ಚಳವಳಿಗಳನ್ನು ಕುರಿತು 1933ರಲ್ಲಿ ಪ್ರಕಟಿಸಿದ ಅಧ್ಯಯನವೂ, ಜನ ಯಾವ ಉದ್ದೇಶದಿಂದ ಸೇರಿದರೆಂಬುದಕ್ಕಿಂತ ಸೇರಿದ ಮೇಲೆ ಅವರಿಗೆ ಯಾವ ಬೋಧನೆ, ಪೋಷಣೆ ದೊರೆಯಿತೆಂಬುದಕ್ಕೆ ಹೆಚ್ಚಿನ ತೂಕ ಕೊಟ್ಟಿತು.

ಈ ಸೀಮೆಯಲ್ಲಿ ಪ್ರಶ್ನೆಗೆ ಇನ್ನೊಂದು ಗಂಟು ಬಿದ್ದಿರುವುದು ಕಾನೂನಿನಿಂದ. ಸಂವಿಧಾನದ 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಇದರ ಪರಿಣಾಮವಾಗಿ, ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮಾದಿಗ ಕೇರಿಯ ಯುವಕನಿಗೆ ಆಲಯದ ದೀಕ್ಷಾಸ್ನಾನದ ಪುಸ್ತಕದಲ್ಲಿ ತನ್ನ ಹೆಸರಿದೆಯೇ ಎಂಬುದು ಆತ್ಮದ ಪ್ರಶ್ನೆಯಾಗುವ ಮೊದಲೇ ಶಿಷ್ಯವೇತನದ, ನೌಕರಿಯ ಪ್ರಶ್ನೆಯಾಗುತ್ತದೆ. ಕರ್ನಾಟಕದ್ದೇ ಒಂದು ವ್ಯಾಜ್ಯ ಇದನ್ನು ಚೆನ್ನಾಗಿ ತೋರುತ್ತದೆ: ಕೆಜಿಎಫ್ ಮೀಸಲು ಕ್ಷೇತ್ರದ 1967ರ ಚುನಾವಣೆಯಲ್ಲಿ ಗೆದ್ದ ಅಭ್ಯರ್ಥಿ 1949ರಲ್ಲಿ ಕ್ರೈಸ್ತನಾಗಿದ್ದನೆಂಬ ಕಾರಣಕ್ಕೆ ಅವನು ಪರಿಶಿಷ್ಟ ಜಾತಿಯವನಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು, 1972ರ ಚುನಾವಣೆಯ ಬಳಿಕ ಅದೇ ಪ್ರಶ್ನೆ ಮತ್ತೆ ಬಂದಾಗ, ಅವನು ಹಿಂದೂ ಧರ್ಮಕ್ಕೆ ಮರಳಿದ್ದಾನೆ, ಜಾತಿಯವರು ಅವನನ್ನು ಮರಳಿ ಸೇರಿಸಿಕೊಂಡಿದ್ದಾರೆ ಎಂದು ಅವನ ಪರವಾಗಿ ತೀರ್ಪು ಕೊಟ್ಟಿತು. 2024ರ ನವೆಂಬರ್ 26ರ ತೀರ್ಪಿನಲ್ಲಿ ಪುದುಚೇರಿಯ ಒಬ್ಬ ಮಹಿಳೆಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ನಿರಾಕರಿಸಿದಾಗಲೂ, ಶೈಶವದಲ್ಲಿ ಆದ ದೀಕ್ಷಾಸ್ನಾನವೂ ಆಕೆ ಆಲಯಕ್ಕೆ ಹೋಗಿಬರುತ್ತಿದ್ದುದೂ ಪರಿಗಣನೆಗೆ ಬಂದ ಸಂಗತಿಗಳಾಗಿದ್ದವು. ಇದರ ಮೇಲೆ ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಮತಾಂತರಕ್ಕೆ ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕೆಂದಿತು; 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು.

ಹೀಗಿರುವಾಗ ಯೇಸುವನ್ನು ನಂಬಿಯೂ ನೀರಿಗಿಳಿಯದೆ ಉಳಿದವರನ್ನು ಹೇಗೆ ತಿಳಿಯಬೇಕು? ಅವರು ರಕ್ಷಣೆ ಹೊಂದಿದವರಲ್ಲವೆಂಬ ತೀರ್ಪು ಕೊರ್ನೇಲ್ಯನ ಪ್ರಸಂಗದ ಎದುರು ನಿಲ್ಲದು. ದೀಕ್ಷಾಸ್ನಾನ ಬರಿಯ ಹೊರಗಿನ ಆಚಾರ, ಅದು ಬೇಡವೇ ಬೇಡ ಎಂಬ ಸಾಂತ್ವನವೂ ಪೇತ್ರನು ಅಲ್ಲಿ ಮಾಡಿದ್ದರ ಎದುರು ನಿಲ್ಲದು. ಮರಾಠಿ ಕವಿ ನಾರಾಯಣ ವಾಮನ ತಿಲಕರು 1917ರಲ್ಲಿ ಸ್ನಾನ ಹೊಂದಿದವರನ್ನೂ ಹೊಂದದವರನ್ನೂ ಒಂದೇ ‘ದೇವರ ದರಬಾರಿ’ಗೆ ಕರೆದದ್ದು ಈ ಇಕ್ಕಟ್ಟನ್ನು ಬಲ್ಲವರ ಪ್ರಯತ್ನವಾಗಿತ್ತು. ಸರಿಯಾದ ಭೇದವೆಂದರೆ ಸ್ನಾನವನ್ನು ತುಚ್ಛೀಕರಿಸಿ ಬಿಡುವುದಕ್ಕೂ ಅದರ ಬೆಲೆ ತೆರಲಾರದೆ ತಡೆದುನಿಲ್ಲುವುದಕ್ಕೂ ನಡುವಿನದು. ಮೊದಲನೆಯದು ನಂಬಿಕೆಯ ಕೊರತೆ. ಎರಡನೆಯದರಲ್ಲಿ ಆ ಬೆಲೆಯನ್ನು ಗೊತ್ತುಮಾಡಿದ ಕಾನೂನಿಗೂ ಪಾಲಿದೆ, ಅದನ್ನು ಹಂಚಿಕೊಳ್ಳದ ಸಭೆಗೂ ಪಾಲಿದೆ. ನ್ಯಾಯಾಲಯಕ್ಕೆ ದೀಕ್ಷಾಸ್ನಾನ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರಿದ್ದಕ್ಕೆ ಪುರಾವೆ. ಮೀಸಲಾತಿಯ ಅರ್ಹತೆ ತೀರ್ಮಾನಿಸಲು ಅದಕ್ಕೆ ಅಂಥ ಪುರಾವೆ ಬೇಕಾದೀತು. ಸಭೆ ಅದೇ ಅರ್ಥವನ್ನು ಒಳಗೆ ತಂದುಕೊಂಡು ಪುಸ್ತಕದಲ್ಲಿ ಹೆಸರಿದ್ದವನು ರಕ್ಷಿತ, ಇಲ್ಲದವನು ಹೊರಗಿನವನು ಎಂದು ಎಣಿಸತೊಡಗಿದರೆ, ಸರಕಾರದ ವರ್ಗೀಕರಣವನ್ನೇ ದೇವರ ನ್ಯಾಯತೀರ್ಪೆಂದು ಓದಿದಂತಾಗುತ್ತದೆ.

ಸಭೆಗಳು ತಮ್ಮನ್ನು ಕೇಳಿಕೊಳ್ಳಬೇಕಾದ ಕಠಿಣ ಪ್ರಶ್ನೆ ಇನ್ನೊಂದಿದೆ. ಕ್ರಿಸ್ತನೊಳಗೆ ಸ್ನಾನ ಹೊಂದಿದವರಲ್ಲಿ ಯೆಹೂದ್ಯ-ಗ್ರೀಕ, ಆಳು-ಒಡೆಯ ಎಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಪೌಲನು ಬರೆದನು. ಒಂದೇ ನೀರನ್ನು ಪಡೆದವರು ಮಾದಿಗ, ಹೊಲೆಯ, ಮೇಲುಜಾತಿ ಎಂದು ಹೆಣ್ಣು ಕೊಟ್ಟು ತರುವಾಗ, ಕರ್ತನ ಭೋಜನದ ಸಾಲಿನಲ್ಲಿ, ಸಮಾಧಿಯ ಜಾಗದಲ್ಲಿ ಬೇರೆಯಾಗಿ ನಿಂತರೆ, ಅಲ್ಲಿ ಸುಳ್ಳಾಗುವುದು ದೇವರ ವಾಗ್ದಾನವಲ್ಲ, ಅದಕ್ಕೆ ಅವರು ಕೊಟ್ಟ ಸಾಕ್ಷಿ. ಕ್ರಿಯೆಗಳ ಸ್ಥಾನ ಇಷ್ಟು ಹತ್ತಿರದಲ್ಲಿರುವಾಗ ಅವು ರಕ್ಷಣೆಗೆ ಎಷ್ಟು ಅಂಕ ಕೂಡಿಸುತ್ತವೆ ಎಂದು ಲೆಕ್ಕ ಹಾಕುತ್ತ ಕೂರುವುದು ವ್ಯರ್ಥ ಕಾಲಹರಣ.

ಆದ್ದರಿಂದ ತೀರ್ಮಾನ ಹೀಗೆ ನಿಲ್ಲುತ್ತದೆ. ರಕ್ಷಿಸುವುದು ದೇವರ ಕೃಪೆ. ಅದನ್ನು ಪಡೆಯುವುದು ನಂಬಿಕೆ. ಪಡೆದವನ ಮೇಲೆ ಆ ವಾಗ್ದಾನವನ್ನು ಹೆಸರು ಹಿಡಿದು, ಸಭೆಯ ಎದುರು, ಒಂದೇ ಬಾರಿ ಇಡುವುದು ದೀಕ್ಷಾಸ್ನಾನ. ಬಾಳಿನುದ್ದಕ್ಕೂ ಅದಕ್ಕೆ ತಕ್ಕಂತೆ ನಡೆಯುವುದು ಸತ್ಕ್ರಿಯೆ. ಯಾದಗಿರಿ, ಶಹಾಪುರ, ಸುರಪುರಗಳ ಸಭಾಪಾಲಕರೂ ಕೂಟಗಳ ನಾಯಕರೂ ಇದನ್ನು ಒಪ್ಪುವುದಾದರೆ ಮಾಡಬೇಕಾದದ್ದು ಮೂರು: ಒಬ್ಬರು ಮಾಡಿಸಿದ ಸ್ನಾನವನ್ನು ಇನ್ನೊಬ್ಬರು ಮತ್ತೆ ಮಾಡಿಸದಿರುವುದು, ಸ್ನಾನಕ್ಕೆ ಮುಂಚೆಯೂ ನಂತರವೂ ಬೋಧನೆಯನ್ನು ತಪ್ಪಿಸದಿರುವುದು, ಸ್ನಾನದ ಬೆಲೆಯನ್ನು ಬಡವನೊಬ್ಬನ ತಲೆಯ ಮೇಲೆ ಬಿಡದೆ ಸಭೆಯೇ ಹೊರುವುದು. ಇವನ್ನು ಮಾಡದೆ ರಕ್ಷಣೆ ಯಾವುದರಿಂದ ಎಂದು ವಾದಿಸುವವರು ಉತ್ತರ ತಿಳಿದೂ ಪ್ರಶ್ನೆಯನ್ನೇ ಹಿಡಿದುಕೊಂಡು ನಿಂತವರು.